ತಾಜ್ ಮಹಲ್ ವಜ್ರದ ಮೇಲೆ ಕೆತ್ತಿರುವ ಹೆಸರು ಯಾರದು?

2026ರ ಜನವರಿ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಚಿತ್ರವೊಂದರ ಪ್ರಥಮ ಪ್ರದರ್ಶನಕ್ಕೆ ನಟಿ ಮಾರ್ಗೊ ರಾಬಿ ಅವರು ‘ತಾಜ್ ಮಹಲ್ ವಜ್ರ’ ಎಂದು ಹೆಸರಾದ ಹೃದಯಾಕಾರದ ಹರಳಿನ ಹಾರವನ್ನು ಧರಿಸಿ ಬಂದರು. ಹಾರವನ್ನು ನಟಿ ಎಲಿಜಬೆತ್ ಟೇಲರ್ ಅವರ ಆಭರಣವೆಂದು ಪರಿಚಯಿಸಲಾಯಿತು. ಭಾರತದಲ್ಲಿ ಅನೇಕರನ್ನು ಇದು ನೋಯಿಸಿತು. ಮೊಘಲ್ ಅರಮನೆಗೆ ಸೇರಿದ್ದೆನ್ನಲಾದ ವಸ್ತುವೊಂದರ ನಾಲ್ಕು ಶತಮಾನಗಳ ಹಿನ್ನೆಲೆಯನ್ನು ಬದಿಗಿಟ್ಟು, ಅದನ್ನು ಐವತ್ತು ವರ್ಷಗಳ ಹಿಂದಿನ ಹಾಲಿವುಡ್ ದಾಂಪತ್ಯವೊಂದರ ನೆನಪಾಗಿ ಮಾತ್ರ ತೋರಿಸಿದ್ದು ಸರಿಯೇ ಎಂದು ಅವರು ಕೇಳಿದರು.

ನಂತರ ಬಂದ ವರದಿಗಳು ಓದುಗರ ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದವು. ಷಾಜಹಾನನು ಮುಮ್ತಾಜಳಿಗೆ ಕೊಟ್ಟ ಪ್ರೇಮದ ಕಾಣಿಕೆ ಇದು ಎಂದು ಕೆಲವು ಬರೆದವು. ಜಹಾಂಗೀರನು ನೂರ್ ಜಹಾನಳಿಗೆ ಮಾಡಿಸಿದ್ದು ಎಂದು ಇನ್ನು ಕೆಲವು ಹೇಳಿದವು. ವಜ್ರದ ಮೇಲೆ ‘ಪ್ರೀತಿ ಚಿರಂತನ’ ಎಂಬ ಅರ್ಥದ ಪರ್ಷಿಯನ್ ಸಾಲು ಇದೆ ಎಂಬ ಮಾತೂ ಹರಡಿತು. ಇದರ ಬೆನ್ನಿಗೇ, ಹಾರವನ್ನು ಭಾರತಕ್ಕೆ ಮರಳಿಸಬೇಕೆಂಬ ಒತ್ತಾಯ ಕೇಳಿಬಂತು. ಈ ಮಾತುಗಳೆಲ್ಲ ಏಕಕಾಲಕ್ಕೆ ನಿಜವಾಗಿರಲಾರವು. ಯಾವುದಕ್ಕೆ ಆಧಾರವಿದೆ, ಯಾವುದು ಬರೀ ಬಾಯಿಮಾತು, ಈ ವ್ಯತ್ಯಾಸದಿಂದ ಆಗುವ ಪರಿಣಾಮವೇನು ಎಂಬುದನ್ನು ಬಿಡಿಸಿ ನೋಡಬೇಕಾದರೆ ಕಲ್ಲಿನಿಂದಲೇ ಆರಂಭಿಸಬೇಕು.

ಹಾರ ಹೊಸದು, ಕಲ್ಲು ಹಳೆಯದು

‘ಪುರಾತನ ಮೊಘಲ್ ಹಾರ’ ಎಂಬ ಮಾತೇ ಅರ್ಧ ಸತ್ಯ. ಮಾಣಿಕ್ಯಗಳನ್ನು ಕೂರಿಸಿದ ಚಿನ್ನದ ಸರ ಮತ್ತು ಅದರ ಕುಚ್ಚುಗಳು ಕಾರ್ಟಿಯೇ ಎಂಬ ಫ್ರೆಂಚ್ ಆಭರಣ ಸಂಸ್ಥೆಯ ಇಪ್ಪತ್ತನೆಯ ಶತಮಾನದ ಕೆಲಸ. ಭಾರತದ ಹಳೆಯ ಪದಕಗಳನ್ನು ಪೋಣಿಸುತ್ತಿದ್ದ ರೇಷ್ಮೆ ದಾರವನ್ನು ನೆನಪಿಸುವಂತೆ ಆ ಸರವನ್ನು ರೂಪಿಸಲಾಗಿದೆ. ಹಳೆಯದು ಅದರ ನಡುವಿನ ಪದಕ. ಮೇಲ್ಭಾಗವನ್ನು ಚಪ್ಪಟೆಯಾಗಿ ಸಾಣೆ ಹಿಡಿದ ವಜ್ರದ ಹರಳು, ಅದರ ಸುತ್ತ ಕೆಂಪು ಕಲ್ಲು ಮತ್ತು ಚಿನ್ನದ ಕಟ್ಟು, ಜೇಡ್ ಎಂಬ ಅಲಂಕಾರ ಶಿಲೆಯ ಆವರಣ ಇವಿಷ್ಟು ಸೇರಿ ಆ ಪದಕವಾಗಿದೆ.

ಚಪ್ಪಟೆ ಸಾಣೆಯನ್ನು ಗಮನಿಸಬೇಕು. ಇಂದಿನ ವಜ್ರಗಳನ್ನು ಹತ್ತಾರು ಮುಖಗಳಾಗಿ ಕತ್ತರಿಸಿ ಬೆಳಕು ಚಿಮ್ಮುವಂತೆ ಮಾಡುತ್ತಾರೆ. ಅದಕ್ಕಾಗಿ ಕಲ್ಲಿನ ತೂಕದ ದೊಡ್ಡ ಪಾಲನ್ನು ಕಳೆದುಕೊಳ್ಳಲೂ ಸಿದ್ಧರಿರುತ್ತಾರೆ. ಮೊಘಲ್ ಕಾಲದ ಕುಶಲಕರ್ಮಿಗಳಿಗೆ ತೂಕವೇ ಮುಖ್ಯವಾಗಿತ್ತು. ಗಣಿಯಿಂದ ಬಂದ ಹರಳಿನ ಸಹಜ ಆಕಾರವನ್ನು ಆದಷ್ಟೂ ಉಳಿಸಿಕೊಂಡು, ಮೇಲ್ಮೈಯನ್ನು ಮಾತ್ರ ನಯಗೊಳಿಸುವುದು ಅವರ ರೀತಿ. ಆದ್ದರಿಂದ ಈ ಹರಳು ಹೃದಯದಂತೆ ಕಾಣುವುದು ಪ್ರೇಮದ ಸಂಕೇತವಾಗಿಯೇ ಎಂದು ಹೇಳುವಂತಿಲ್ಲ. ಹೃದಯದ ಆಕಾರ ಕಂಡ ಕೂಡಲೇ ಪ್ರೇಮವನ್ನು ನೆನೆಯುವ ಅಭ್ಯಾಸ ಯುರೋಪಿನದು. ಈ ಕಲ್ಲಿನ ಸುತ್ತ ಕಟ್ಟಿದ ಕಥೆಗಳಲ್ಲಿ ಆ ಅಭ್ಯಾಸದ ಕೈವಾಡ ಬಹಳವಿದೆ.

ವಜ್ರವು ಭಾರತದ್ದೇ ಎಂಬುದಕ್ಕೆ ಬೇರೆಯೇ ಬಗೆಯ ಆಧಾರವಿದೆ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಪತ್ತೆಯಾಗುವವರೆಗೆ, ಬೋರ್ನಿಯೋದಿಂದ ಬರುತ್ತಿದ್ದ ಅಲ್ಪ ಪ್ರಮಾಣವನ್ನು ಬಿಟ್ಟರೆ, ಜಗತ್ತಿಗೆಲ್ಲ ವಜ್ರ ಒದಗಿಸುತ್ತಿದ್ದುದು ಭಾರತವೊಂದೇ. ಅದರಲ್ಲಿಯೂ ಕೃಷ್ಣಾ ಕಣಿವೆಯ ಗಣಿಗಳು ಹೆಸರಾಗಿದ್ದವು. ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯರ್ ಕೊಲ್ಲೂರಿನ ಗಣಿಯಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇದು ಇಂದಿನ ಆಂಧ್ರಪ್ರದೇಶದ ಕೊಲ್ಲೂರು, ಮೂಕಾಂಬಿಕೆಯ ಕೊಲ್ಲೂರಲ್ಲ. ಆತ ಕಂಡ ಇನ್ನೊಂದು ಗಣಿ ‘ರಾವೊಲ್‌ಕೊಂಡ’. ಅದು ಗೋಲ್ಕೊಂಡದಿಂದ ಐದು ದಿನಗಳ, ನಮ್ಮ ವಿಜಯಪುರದಿಂದ ಎಂಟು ಒಂಬತ್ತು ದಿನಗಳ ಹಾದಿ ಎಂದು ಆತ ಲೆಕ್ಕ ಕೊಡುತ್ತಾನೆ. ‘ಗೋಲ್ಕೊಂಡ ವಜ್ರ’ ಎಂಬ ಮಾರುಕಟ್ಟೆಯ ಹೆಸರು ವ್ಯಾಪಾರದ ಪೇಟೆಯನ್ನು ಸೂಚಿಸುತ್ತದೆಯೇ ಹೊರತು ಗಣಿಯನ್ನಲ್ಲ.

ಬರಹ ಹೇಳುವುದೇನು

ಈಗ ಮುಖ್ಯ ಸಾಕ್ಷ್ಯಕ್ಕೆ ಬರೋಣ. 2011ರಲ್ಲಿ ಈ ಹಾರವನ್ನು ಹರಾಜಿಗಿಟ್ಟ ಕ್ರಿಸ್ಟೀಸ್ ಸಂಸ್ಥೆಯು ಕಲ್ಲಿನ ಮೇಲಿನ ಪರ್ಷಿಯನ್ ಕೆತ್ತನೆಯನ್ನು ಓದಿ ಪ್ರಕಟಿಸಿದೆ. ಅದರಲ್ಲಿ ಮೂರೇ ಅಂಶಗಳಿವೆ: ‘ನೂರ್ ಜಹಾನ್ ಬೇಗಂ-ಎ ಪಾದಶಾಹ್’ ಎಂಬ ಹೆಸರು, 23 ಎಂಬ ಅಂಕಿ, 1037 ಎಂಬ ಅಂಕಿ. ಪಾದಶಾಹನ ಬೇಗಂ ನೂರ್ ಜಹಾನ್ ಎಂಬುದು ಆ ಹೆಸರಿನ ಅರ್ಥ. ಪ್ರೀತಿಯ ಬಗ್ಗೆ ಅಲ್ಲಿ ಒಂದು ಪದವೂ ಇಲ್ಲ. ಷಾಜಹಾನನ ಹೆಸರಿಲ್ಲ, ಮುಮ್ತಾಜಳ ಹೆಸರೂ ಇಲ್ಲ.

1037 ಎಂಬುದು ಹಿಜರಿ ವರ್ಷ. ಅದು 1627ರ ಸೆಪ್ಟೆಂಬರ್‌ನಿಂದ 1628ರ ಆಗಸ್ಟ್‌ವರೆಗೆ ಹರಡಿಕೊಂಡಿದೆ. 23 ಎಂಬುದನ್ನು ಜಹಾಂಗೀರನ ಆಳ್ವಿಕೆಯ ಇಪ್ಪತ್ಮೂರನೆಯ ವರ್ಷವೆಂದು ಓದಲಾಗುತ್ತದೆ. ಮೊಘಲ್ ನಾಣ್ಯಗಳ ಮೇಲೆ ಹಿಜರಿ ವರ್ಷ ಮತ್ತು ಆಳ್ವಿಕೆಯ ವರ್ಷ ಎರಡನ್ನೂ ಅಚ್ಚೊತ್ತುವ ಪದ್ಧತಿ ಇದ್ದುದರಿಂದ ಈ ಓದು ಸಹಜವೇ. ಆದರೆ ಲೆಕ್ಕ ಹಾಕಿ ನೋಡಿದರೆ ಒಂದು ಕುತೂಹಲದ ಸಂಗತಿ ಎದುರಾಗುತ್ತದೆ. ಜಹಾಂಗೀರನು ಸಿಂಹಾಸನವೇರಿದ್ದು ಹಿಜರಿ 1014ರ ಆರನೆಯ ತಿಂಗಳಲ್ಲಿ, ತೀರಿಕೊಂಡದ್ದು 1037ರ ಎರಡನೆಯ ತಿಂಗಳಲ್ಲಿ. ಚಾಂದ್ರಮಾನದ ಲೆಕ್ಕದಲ್ಲಿ ಆತನ ಇಪ್ಪತ್ಮೂರನೆಯ ವರ್ಷವೂ ಹಿಜರಿ 1037ನೆಯ ವರ್ಷವೂ ಆತನ ಜೀವಿತಕಾಲದಲ್ಲಿ ಕೂಡಿಬರುವುದು ಎರಡು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಮಾತ್ರ. ಆತನ ಆತ್ಮಕಥೆಯಲ್ಲಿ ಬಳಸಿರುವ, ನೌರೋಜ್ ಎಂಬ ಪರ್ಷಿಯನ್ ಹೊಸವರ್ಷದ ಹಬ್ಬದಿಂದ ವರ್ಷ ಎಣಿಸುವ ಸೌರ ಪದ್ಧತಿಯನ್ನು ಹಿಡಿದರೆ, ಆತ ಸತ್ತದ್ದು ಇಪ್ಪತ್ತೆರಡನೆಯ ವರ್ಷದಲ್ಲಿ. ಇಪ್ಪತ್ಮೂರನೆಯ ವರ್ಷ ಬರಲೇ ಇಲ್ಲ.

ಇದರಿಂದ ಎರಡು ಬಗೆಯ ತೀರ್ಮಾನ ಸಾಧ್ಯ. ನಂಬುವವರು, ಚಾಂದ್ರ ಎಣಿಕೆಗೆ ಕರಾರುವಾಕ್ಕಾಗಿ ಹೊಂದುವ ಇಷ್ಟು ಸೂಕ್ಷ್ಮವಾದ ಜೋಡಿಯನ್ನು ನಂತರದ ಕಾಲದ ವ್ಯಾಪಾರಿಯೊಬ್ಬ ಸುಮ್ಮನೆ ಊಹಿಸಿ ಕೆತ್ತಿಸಲಾರ ಎನ್ನಬಹುದು. ಸಂದೇಹಿಸುವವರು, ಆಳ್ವಿಕೆಯ ವರ್ಷದ ರೂಢಿಯ ಸೌರ ಎಣಿಕೆಗೆ ಇದು ಕೂಡಿಬರುತ್ತಿಲ್ಲವೆಂದು ಬೆರಳು ತೋರಿಸಬಹುದು. ಎರಡೂ ವಾದಗಳಿಗೆ ತೂಕವಿದೆ. ಕೆತ್ತನೆಯೊಂದನ್ನೇ ನೆಚ್ಚಿ ಇತಿಹಾಸ ಬರೆಯುವಾಗ ಇಂಥ ಕವಲುಗಳು ಬಂದೇ ಬರುತ್ತವೆ.

ಮುಮ್ತಾಜಳ ಕಥೆ ಸಡಿಲಗೊಳ್ಳುವುದು ಎಲ್ಲಿ

ಪ್ರಚಲಿತ ಕಥೆ ಹೀಗಿದೆ: ಜಹಾಂಗೀರನಿಂದ ಈ ವಜ್ರವು ಮಗ ಷಾಜಹಾನನಿಗೆ ಬಂತು, ಆತ ಅದನ್ನು ತನ್ನ ಮೆಚ್ಚಿನ ಪತ್ನಿ ಮುಮ್ತಾಜ್ ಮಹಲಳಿಗೆ ಕೊಟ್ಟ, ಅವಳು 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡ ಮೇಲೆ ತಾಜ್ ಮಹಲ್ ಕಟ್ಟಿಸಿದ. ವಜ್ರಕ್ಕೆ ಅಂಟಿದ ಹೆಸರು ಹುಟ್ಟಿದ್ದು ಈ ಕಥೆಯಿಂದ. 1037ನೆಯ ವರ್ಷದ ರಾಜಕೀಯವನ್ನು ಪಕ್ಕದಲ್ಲಿಟ್ಟು ನೋಡಿದರೆ, ಈ ಕಥೆ ಅಷ್ಟು ಸಲೀಸಾಗಿ ಮುಂದೆ ಸಾಗುವುದಿಲ್ಲ.

ಷಾಜಹಾನನು 1622ರಲ್ಲಿ ತಂದೆಯ ವಿರುದ್ಧ ದಂಗೆಯೆದ್ದಿದ್ದ. ಅದಕ್ಕೆ ಮೊದಲು ಮಗನನ್ನು ಬಾಯ್ತುಂಬ ಹೊಗಳುತ್ತಿದ್ದ ಜಹಾಂಗೀರನು, ಅಲ್ಲಿಂದ ಮುಂದೆ ತನ್ನ ಆತ್ಮಕಥೆಯಲ್ಲಿ ಅವನನ್ನು ‘ಬೇ-ದೌಲತ್’, ಅಂದರೆ ಭಾಗ್ಯಹೀನ ಎಂದೇ ಕರೆಯುತ್ತಾನೆ. 1626ರ ಹೊತ್ತಿಗೆ ದಂಗೆ ಅಡಗಿತಾದರೂ ತಂದೆ ಮಗ ಮತ್ತೆ ಮುಖ ನೋಡಲಿಲ್ಲ. 1627ರ ಅಕ್ಟೋಬರ್‌ನಲ್ಲಿ ಕಾಶ್ಮೀರದಿಂದ ಲಾಹೋರ್‌ಗೆ ಮರಳುವ ದಾರಿಯಲ್ಲಿ ಜಹಾಂಗೀರನು ಕಣ್ಣುಮುಚ್ಚಿದಾಗ ಷಾಜಹಾನನು ಇದ್ದುದು ಬಹುದೂರದ ದಖ್ಖನ್ನಿನಲ್ಲಿ, ಪುಣೆಯ ಸಮೀಪದ ಜುನ್ನರ್‌ನಲ್ಲಿ. ಆ ವರ್ಷದ ಅಂಕಿಯನ್ನು ಹೊತ್ತ ವಜ್ರವನ್ನು ತಂದೆಯು ಮಗನಿಗೆ ಕೈಯಾರೆ ಕೊಟ್ಟನೆಂಬ ಚಿತ್ರ ಈ ಹಿನ್ನೆಲೆಗೆ ಒಪ್ಪುವುದಿಲ್ಲ.

ಇನ್ನು ನೂರ್ ಜಹಾನ್. 1611ರಲ್ಲಿ ಜಹಾಂಗೀರನನ್ನು ಮದುವೆಯಾದ ಈಕೆ ಮುಮ್ತಾಜಳಿಗೆ ಸೋದರತ್ತೆ. ಮುಮ್ತಾಜಳ ತಂದೆ ಆಸಫ್ ಖಾನನು ಈಕೆಯ ಸೋದರ. ಒಂದೇ ಮನೆತನದ ಈ ಇಬ್ಬರು ಸ್ತ್ರೀಯರು 1627ರಲ್ಲಿ ಎದುರು ಬದುರು ಪಾಳೆಯಗಳಲ್ಲಿದ್ದರು. ನೂರ್ ಜಹಾನಳು ತನ್ನ ಮಗಳು ಲಾಡ್ಲಿಯನ್ನು ವರಿಸಿದ್ದ ಕಿರಿಯ ರಾಜಕುಮಾರ ಶಹರ್‍ಯಾರನನ್ನು ಪಟ್ಟಕ್ಕೇರಿಸಲು ಯತ್ನಿಸಿದಳು. ಆಸಫ್ ಖಾನನು ಅಳಿಯ ಷಾಜಹಾನನ ಪರವಾಗಿ ಅವಳನ್ನು ಕಾವಲಿನಲ್ಲಿಟ್ಟು, ಶಹರ್‍ಯಾರನನ್ನು ಸೋಲಿಸಿದ. 1628ರ ಆರಂಭದಲ್ಲಿ ಷಾಜಹಾನನು ಆಗ್ರಾದಲ್ಲಿ ಪಟ್ಟವೇರಿದ. ನೂರ್ ಜಹಾನಳಿಗೆ ವರ್ಷಕ್ಕೆ 2 ಲಕ್ಷ ರೂಪಾಯಿಗಳ ವೇತನ ಗೊತ್ತಾಯಿತು. 1645ರಲ್ಲಿ ಸಾಯುವವರೆಗೆ ಅವಳು ಲಾಹೋರ್‌ನಲ್ಲಿ, ಅಧಿಕಾರದಿಂದ ಪೂರ್ತಿ ದೂರವಾಗಿ ಬದುಕಿದಳು.

ಈ ವಜ್ರ ನಿಜವಾಗಿಯೂ ಅವಳದಾಗಿದ್ದು, ಮುಂದೆ ಷಾಜಹಾನನ ಕೈಗೆ ಸೇರಿದ್ದರೆ, ಅದು ಪ್ರೇಮದ ದಾರಿಯಲ್ಲಿ ಬಂದಿರುವುದಕ್ಕಿಂತ ಸಿಂಹಾಸನದ ಜಗಳದಲ್ಲಿ ಗೆದ್ದವನ ಬೊಕ್ಕಸ ಸೇರಿರುವ ಸಂಭವವೇ ಹೆಚ್ಚು. ಅಂಥ ಕಲ್ಲು ಅಲ್ಲಿಂದ ಮುಮ್ತಾಜಳ ಕೊರಳಿಗೆ ಹೋಗಿರಲೂಬಹುದು, ಹೋಗದೆಯೂ ಇರಬಹುದು. ಕಲ್ಲಿನ ಮೇಲಂತೂ ಅದರ ಗುರುತಿಲ್ಲ.

ಇಲ್ಲಿಯೇ ಈ ವಿವಾದದ ತಿರುಳಿದೆ ಎಂಬುದು ಈ ಲೇಖನದ ನಿಲುವು. ಹಾಲಿವುಡ್ ತನ್ನ ಕಥೆಯಿಂದ ಭಾರತವನ್ನು ಅಳಿಸಿತು ಎಂಬ ದೂರು ನ್ಯಾಯವಾದದ್ದೇ. ಆದರೆ ಆ ದೂರಿಗೆ ಉತ್ತರವಾಗಿ ನಾವು ಮುಂದಿಟ್ಟ ಷಾಜಹಾನ್–ಮುಮ್ತಾಜ್ ಕಥೆಯೂ ಕಲ್ಲಿನ ಮೇಲೆ ಕಣ್ಣಿಗೆ ಕಾಣುವ ಏಕೈಕ ಹೆಸರನ್ನು ಅಳಿಸುತ್ತದೆ. ನೂರ್ ಜಹಾನಳು ಗಂಡನ ಜೊತೆಗೆ ತನ್ನ ಹೆಸರಿನಲ್ಲಿಯೂ ನಾಣ್ಯ ಹೊರಡಿಸಿದವಳು. ಷಾ ಜಹಾಂಗೀರನ ಆಜ್ಞೆಯಿಂದ, ನೂರ್ ಜಹಾನ್ ಪಾದಶಾಹ್ ಬೇಗಂಳ ಹೆಸರು ಸೇರಿ ಚಿನ್ನಕ್ಕೆ ನೂರು ಆಭರಣಗಳ ಚೆಲುವು ಬಂತು ಎಂಬ ಅರ್ಥದ ಪರ್ಷಿಯನ್ ದ್ವಿಪದಿ ಆ ನಾಣ್ಯಗಳ ಮೇಲಿದೆ. ಹೀಗೆ ತನ್ನ ಹೆಸರಿನ ಬೆಲೆಯನ್ನು ಬಲ್ಲ ರಾಣಿಯ ಹೆಸರುಳ್ಳ ವಜ್ರವನ್ನು ಇನ್ನೊಬ್ಬ ರಾಣಿಯ ಸಮಾಧಿಯ ಹೆಸರಿನಿಂದ ಕರೆಯುತ್ತಿದ್ದೇವೆ.

ರತ್ನದ ಮೇಲೆ ಹೆಸರು ಕೆತ್ತುವ ಪದ್ಧತಿ

ಬೆಲೆಬಾಳುವ ಕಲ್ಲಿನ ಮೇಲೆ ಒಡೆಯನ ಹೆಸರು ಕೆತ್ತಿಸುವುದನ್ನು ಮೊಘಲರು ತಮ್ಮ ತೈಮೂರ್ ವಂಶದ ಪೂರ್ವಜರಿಂದ ಪಡೆದರು. ಇರಾನಿನ ಷಾ ಅಬ್ಬಾಸನು ಕಳುಹಿಸಿದ, ತೈಮೂರನ ಮೊಮ್ಮಗ ಉಲೂಗ್ ಬೇಗನ ಹೆಸರಿದ್ದ ಕೆಂಪು ಕಲ್ಲೊಂದರ ಮೂಲೆಯಲ್ಲಿ ತನ್ನ ಹೆಸರನ್ನೂ ಕೆತ್ತಿಸಿದ ಪ್ರಸಂಗವನ್ನು ಜಹಾಂಗೀರನು ಸ್ವತಃ ಬರೆದಿದ್ದಾನೆ. ಮುಂದೆ ಅದೇ ಕಲ್ಲನ್ನು, ದಖ್ಖನ್ನಿನ ಗೆಲುವಿನ ಸುದ್ದಿ ಬಂದಾಗ, ಮಗ ಷಾಜಹಾನನಿಗೆ ಕಳುಹಿಸಿದ್ದಾಗಿಯೂ ಹೇಳುತ್ತಾನೆ. ಅಂದರೆ ತಂದೆಯಿಂದ ಮಗನಿಗೆ ರತ್ನ ದಾಟಿದಾಗ ಅದು ದಾಖಲಾಗುವಷ್ಟು ದೊಡ್ಡ ಸಂಗತಿಯಾಗಿತ್ತು.

ಹೀಗೆ ಹೆಸರು ಕೆತ್ತಿಸುತ್ತಿದ್ದುದು ಬಹುಮಟ್ಟಿಗೆ ‘ಲಾಲ್’ ಎಂದು ಕರೆಯುತ್ತಿದ್ದ, ಮಾಣಿಕ್ಯದಂತೆ ಕಾಣುವ ಕೆಂಪು ಸ್ಪಿನೆಲ್ ಮತ್ತು ಪಚ್ಚೆ ಕಲ್ಲುಗಳ ಮೇಲೆ. ವಜ್ರವನ್ನು ವಜ್ರದಿಂದಲೇ ಗೀಚಬೇಕು. ಆ ಶ್ರಮ ಮತ್ತು ಅಪಾಯದ ಕಾರಣದಿಂದ ಕೆತ್ತನೆಯುಳ್ಳ ವಜ್ರಗಳು ಬಹಳ ಅಪರೂಪ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಮಾಸ್ಕೋದ ಕ್ರೆಮ್ಲಿನ್‌ನಲ್ಲಿರುವ 88.7 ಕ್ಯಾರಟ್ ತೂಕದ ‘ಷಾ’ ವಜ್ರ. ಅದರ ಮೇಲೆ ಮೂರು ಹೆಸರುಗಳಿವೆ: ಹಿಜರಿ 1000ರ ಅಹ್ಮದ್‌ನಗರದ ಬುರ್ಹಾನ್ ನಿಜಾಂ ಷಾ, 1051ರ ಷಾಜಹಾನ್, 1242ರ ಇರಾನಿನ ಫತ್ ಅಲಿ ಷಾ. ಟ್ಯಾವರ್ನಿಯರ್ 1665ರಲ್ಲಿ ಔರಂಗಜೇಬನ ಸಿಂಹಾಸನದ ಎದುರು ತೂಗುತ್ತಿದ್ದುದನ್ನು ಕಂಡ 80–90 ಕ್ಯಾರಟ್‌ನ ವಜ್ರ ಇದೇ ಇರಬೇಕೆಂದು ಅನೇಕರು ಗುರುತಿಸುತ್ತಾರೆ. ಟೆಹರಾನ್‌ನಲ್ಲಿ ರಷ್ಯಾದ ರಾಯಭಾರಿ ಗ್ರಿಬೊಯೆದೊವ್ ಕೊಲೆಯಾದ ಮೇಲೆ, 1829ರಲ್ಲಿ ಇರಾನ್ ಇದನ್ನು ರಷ್ಯಾದ ಚಕ್ರವರ್ತಿಗೆ ಒಪ್ಪಿಸಿತು. ಅಹ್ಮದ್‌ನಗರದಿಂದ ಮಾಸ್ಕೋವರೆಗಿನ ದಾರಿಯನ್ನು ಈ ಕಲ್ಲೇ ಹೇಳುತ್ತದೆ. ಹೊರಗಿನ ಬರಹಗಳು ಅದನ್ನು ಪುಷ್ಟೀಕರಿಸುತ್ತವೆ.

ನಡುವಿನ ಮೌನ

ತಾಜ್ ಮಹಲ್ ವಜ್ರದ ವಿಷಯದಲ್ಲಿ ಅಂಥ ಕೊಂಡಿಗಳಿಲ್ಲ. ಮನೆ ಕೊಳ್ಳುವವರು ಈಗಿನ ಕ್ರಯಪತ್ರದ ಜೊತೆಗೆ ಮೂಲಪತ್ರವನ್ನೂ, ನಡುವೆ ಆಸ್ತಿ ಯಾರಿಂದ ಯಾರಿಗೆ ಹೋಯಿತೆಂಬ ಸರಣಿಯನ್ನೂ ಕೇಳುತ್ತಾರಷ್ಟೆ? ಪ್ರಾಚೀನ ವಸ್ತುಗಳಿಗೂ ಅದೇ ನಿಯಮ. ಹರಾಜು ಲೋಕದಲ್ಲಿ ಇದನ್ನು ‘ಪ್ರೊವೆನೆನ್ಸ್’ ಎನ್ನುತ್ತಾರೆ. ಈ ವಜ್ರಕ್ಕೆ ಒಂದು ತುದಿಯಲ್ಲಿ 1037ರ ಕೆತ್ತನೆಯಿದೆ, ಇನ್ನೊಂದು ತುದಿಯಲ್ಲಿ 1970ರ ದಶಕದ ಆರಂಭದ ನ್ಯೂಯಾರ್ಕ್‌ನ ಕಾರ್ಟಿಯೇ ಅಂಗಡಿಯಿದೆ. ನಡುವಿನ ಸುಮಾರು 345 ವರ್ಷಗಳಿಗೆ ಸಾರ್ವಜನಿಕವಾಗಿ ಮುಂದಿಟ್ಟ ದಾಖಲೆಯಿಲ್ಲ. 1739ರಲ್ಲಿ ನಾದಿರ್ ಷಾ ದೆಹಲಿಯನ್ನು ದೋಚಿದಾಗ ಮೊಘಲ್ ಬೊಕ್ಕಸದ ದೊಡ್ಡ ಭಾಗ ಇರಾನಿಗೆ ಹೋಯಿತು. ಉಳಿದದ್ದು ನಂತರದ ದಶಕಗಳ ಅರಾಜಕತೆಯಲ್ಲಿ ಚೆದುರಿತು. ಈ ಕಲ್ಲು ಯಾವ ಅಲೆಯಲ್ಲಿ ಹೊರಟಿತು ಎಂಬುದಕ್ಕೆ ಉತ್ತರ ಕೊಡುವ ಕಾಗದ ಬೇಕು, ಊಹೆ ಸಾಲದು.

ಐದು ಲಕ್ಷದಿಂದ 88 ಲಕ್ಷ ಡಾಲರ್‌ಗೆ

1972ರ ಫೆಬ್ರುವರಿಯಲ್ಲಿ ನಟ ರಿಚರ್ಡ್ ಬರ್ಟನ್ ತಮ್ಮ ಪತ್ನಿ ಎಲಿಜಬೆತ್ ಟೇಲರ್ ಅವರ ನಲವತ್ತನೆಯ ಹುಟ್ಟುಹಬ್ಬಕ್ಕೆ ಈ ಹಾರವನ್ನು ಉಡುಗೊರೆ ಕೊಟ್ಟರು. ಟೇಲರ್ 2011ರ ಮಾರ್ಚ್‌ನಲ್ಲಿ ನಿಧನರಾದರು. ಅದೇ ವರ್ಷದ ಡಿಸೆಂಬರ್ 13ರಂದು ಕ್ರಿಸ್ಟೀಸ್ ನ್ಯೂಯಾರ್ಕ್‌ನಲ್ಲಿ ಅವರ ಆಭರಣಗಳನ್ನು ಹರಾಜು ಹಾಕಿತು. ಈ ಹಾರಕ್ಕೆ ಮೊದಲೇ ಪ್ರಕಟಿಸಿದ್ದ ಅಂದಾಜು 3 ಲಕ್ಷದಿಂದ 5 ಲಕ್ಷ ಡಾಲರ್. ಮಾರಾಟವಾದದ್ದು 88,18,500 ಡಾಲರ್‌ಗೆ.

ಹದಿನೇಳು ಪಟ್ಟಿಗೂ ಹೆಚ್ಚಿನ ಈ ಜಿಗಿತಕ್ಕೆ ಕಾರಣವೇನು? ಕಲ್ಲಿನ ತೂಕ, ಬಣ್ಣ, ಶುದ್ಧತೆ ಯಾವುವೂ ಹರಾಜಿನ ದಿನ ಬದಲಾಗಲಿಲ್ಲ. ಖರೀದಿದಾರರು ಬೆಲೆ ಕಟ್ಟಿದ್ದು ಕಥೆಗೆ. ಅದರಲ್ಲಿ ಎರಡು ಕಥೆಗಳು ಹೆಣೆದುಕೊಂಡಿದ್ದವು: ಟೇಲರ್ ಅವರದು, ಪೂರ್ತಿ ದಾಖಲೆಯುಳ್ಳದ್ದು, ಮೊಘಲ್ ಅರಮನೆಯದು, ಕೆತ್ತನೆಯನ್ನೂ ಹೇಳಿಕೆಯನ್ನೂ ನೆಚ್ಚಿಕೊಂಡದ್ದು. ಎಷ್ಟು ಹಣ ಯಾವ ಕಥೆಗೆ ಸಂದಿತು ಎಂದು ಹರಾಜಿನ ಸುತ್ತಿಗೆ ಬೀಳುವಾಗ ಯಾರೂ ವಿಂಗಡಿಸುವುದಿಲ್ಲ.

ವಿಂಗಡಿಸಬೇಕಾದ ಪ್ರಸಂಗ ನಂತರ ಬಂತು. ಕೊಂಡವರು ಮಾರಾಟವನ್ನು ರದ್ದುಮಾಡುವಂತೆ ಕೇಳಿದರು. ವಜ್ರದ ಮೊಘಲ್ ಮೂಲ ದೃಢಪಟ್ಟಿಲ್ಲ ಎಂಬುದು ಅವರ ಆಕ್ಷೇಪ. ಕ್ರಿಸ್ಟೀಸ್ ಮಾರಾಟವನ್ನು ರದ್ದುಪಡಿಸಿ, ಟೇಲರ್ ಅವರ ಆಸ್ತಿಯನ್ನು ನೋಡಿಕೊಳ್ಳುವ ಟ್ರಸ್ಟ್‌ನಿಂದ ಹಣವನ್ನು ವಾಪಸ್ ಕೇಳಿತು. ಟ್ರಸ್ಟ್ ಒಪ್ಪದೆ 2017ರಲ್ಲಿ ಅಮೆರಿಕದ ನ್ಯಾಯಾಲಯದ ಮೊರೆಹೋಯಿತು. ಈ ವಜ್ರ ಷಾಜಹಾನನದೇ ಎಂದು ತಾವು ಖಾತರಿ ಕೊಟ್ಟಿರಲಿಲ್ಲ, ಮಹತ್ವದ ಗ್ರಾಹಕರೊಬ್ಬರನ್ನು ಸಮಾಧಾನಪಡಿಸಲು ಹರಾಜು ಸಂಸ್ಥೆ ಮುರಿಯಬಾರದ ಮಾರಾಟವನ್ನು ಮುರಿಯಿತು ಎಂಬುದು ಟ್ರಸ್ಟ್‌ನ ವಾದದ ಸಾರ.

ಈ ವಾದಗಳನ್ನು ನಿಧಾನವಾಗಿ ಓದಿದರೆ, 2026ರ ಗದ್ದಲದಲ್ಲಿ ಕಾಣದೇಹೋದ ಸಂಗತಿಯೊಂದು ಸ್ಪಷ್ಟವಾಗುತ್ತದೆ. ವಜ್ರದ ಮೊಘಲ್ ಇತಿಹಾಸವನ್ನು ಹೇಳುವುದರಿಂದ ಬೆಲೆ ಏರುತ್ತದೆ. ಅದನ್ನು ಖಚಿತವೆಂದು ಲಿಖಿತವಾಗಿ ಒಪ್ಪಿಕೊಳ್ಳುವುದರಿಂದ ಹೊಣೆ ಬೀಳುತ್ತದೆ. ಆದ್ದರಿಂದ ಮಾರಾಟಗಾರರು ‘ಎನ್ನಲಾಗಿದೆ’, ‘ಎಂಬ ಪ್ರತೀತಿಯಿದೆ’ ಎಂಬ ಕ್ರಿಯಾಪದಗಳ ಮರೆಯಲ್ಲಿ ನಿಲ್ಲುತ್ತಾರೆ. ಟೇಲರ್ ಹೆಸರು ಪ್ರತಿ ಬಾರಿ ಮುಂದೆ ಬರುವುದಕ್ಕೆ ಪಶ್ಚಿಮದ ಅಲಕ್ಷ್ಯವೊಂದೇ ಕಾರಣವಲ್ಲ. ಆ ಹೆಸರಿಗೆ ರಸೀದಿಯಿದೆ, ಛಾಯಾಚಿತ್ರಗಳಿವೆ, ಯಾರೂ ಪ್ರಶ್ನಿಸಲಾರರು.

ಪ್ರಯೋಗಾಲಯದ ಮಿತಿ

ವೈಜ್ಞಾನಿಕ ಪರೀಕ್ಷೆಯಿಂದ ಇದನ್ನು ಬಗೆಹರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಪಚ್ಚೆ, ಮಾಣಿಕ್ಯಗಳಲ್ಲಿ ಬೆರೆತಿರುವ ಅಲ್ಪಾಂಶಗಳನ್ನು ನೋಡಿ ಅವು ಯಾವ ದೇಶದ ಗಣಿಯವೆಂದು ಬಹುಮಟ್ಟಿಗೆ ಹೇಳಬಹುದು. ವಜ್ರ ಹೆಚ್ಚುಕಡಿಮೆ ಶುದ್ಧ ಇಂಗಾಲ. ಸಾಣೆ ಹಿಡಿದ ಹರಳನ್ನು ನೋಡಿ ಗಣಿಯನ್ನು ಖಚಿತವಾಗಿ ಗುರುತಿಸುವ ವಿಧಾನ ಇಂದಿಗೂ ಇಲ್ಲ. ‘ಗೋಲ್ಕೊಂಡ ಬಗೆ’ ಎಂಬ ಪ್ರಮಾಣಪತ್ರದ ಮಾತು ಪಾರದರ್ಶಕತೆಯ ವರ್ಣನೆ. ಇನ್ನು ಕೆತ್ತನೆ ಯಾವ ವರ್ಷದ್ದೆಂದು ಹೇಳುವುದೂ ಅಷ್ಟೇ ಕಷ್ಟ. ಅಕ್ಷರದ ಶೈಲಿ, ಉಪಕರಣದ ಗುರುತು, ಗೀಚಿನ ಸವೆತ ಇವನ್ನು ತಜ್ಞರು ಹೋಲಿಸಿ ಅಭಿಪ್ರಾಯ ಕೊಡಬಲ್ಲರು, ತೀರ್ಪು ಕೊಡಲಾರರು.

ಮರಳಿ ಕೇಳಲು ಆಗುತ್ತದೆಯೇ

ಭಾರತದ 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ 1976ರಲ್ಲಿ ಜಾರಿಗೆ ಬಂತು. ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದನ್ನು ಅದು ನಿಷೇಧಿಸುತ್ತದೆ. ಅದಕ್ಕೂ ಹಿಂದೆ, 1947ರ ಕಾಯ್ದೆಯಂತೆ, ರಫ್ತಿಗೆ ಪರವಾನಗಿ ಬೇಕಿತ್ತು. ಕದ್ದ ಸಾಂಸ್ಕೃತಿಕ ವಸ್ತುಗಳ ವ್ಯಾಪಾರದ ವಿರುದ್ಧದ 1970ರ ಯುನೆಸ್ಕೋ ಒಪ್ಪಂದ ಅಂತರರಾಷ್ಟ್ರೀಯವಾಗಿ ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ, ಬರ್ಟನ್ ಉಡುಗೊರೆ ಕೊಟ್ಟ ಎರಡು ತಿಂಗಳ ಬಳಿಕ. ಭಾರತ ಅದಕ್ಕೆ ಸೇರಿದ್ದು 1977ರಲ್ಲಿ, ಅಮೆರಿಕ 1983ರಲ್ಲಿ. ಆ ಒಪ್ಪಂದ ಹಿಂದಿನ ಘಟನೆಗಳಿಗೆ ಅನ್ವಯಿಸುವುದಿಲ್ಲ. 2024ರ ಜುಲೈಯಲ್ಲಿ ಭಾರತ ಮತ್ತು ಅಮೆರಿಕ ಸಹಿ ಹಾಕಿದ ಸಾಂಸ್ಕೃತಿಕ ಆಸ್ತಿ ಒಪ್ಪಂದದ ಗುರಿಯೂ ಮುಂದಿನ ಕಳ್ಳಸಾಗಣೆಯನ್ನು ತಡೆಯುವುದು. ಆದ್ದರಿಂದ ಕಾನೂನಿನ ಎದುರು ಮೊದಲ ಪ್ರಶ್ನೆ ಇದೇ ಆಗುತ್ತದೆ: ವಜ್ರವು ಭಾರತವನ್ನು ಬಿಟ್ಟದ್ದು ಯಾವಾಗ? ಅದಕ್ಕೆ ದಾಖಲೆ ಒದಗಿಸಲಾಗದಿದ್ದರೆ ಮುಂದಿನ ಪ್ರಶ್ನೆಗಳಿಗೆ ಅವಕಾಶವೇ ಬರುವುದಿಲ್ಲ.

ದಾಖಲೆಯಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಪಿಪ್ರಹ್ವಾ ಪ್ರಕರಣ ತೋರಿಸಿದೆ. ಬುದ್ಧನ ಅಸ್ಥಿಗಳ ಜೊತೆ ದೊರೆತ ರತ್ನಗಳನ್ನು ಸದಬೀಸ್ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಹರಾಜು ಹಾಕಲಿತ್ತು. ಅವು 1898ರಲ್ಲಿ, ಉತ್ತರ ಪ್ರದೇಶದ ಪಿಪ್ರಹ್ವಾದ ಸ್ತೂಪದಲ್ಲಿ, ವಿಲಿಯಂ ಕ್ಲಾಕ್ಸ್‌ಟನ್ ಪೆಪ್ಪೆ ಎಂಬ ಇಂಗ್ಲಿಷ್ ಜಮೀನುದಾರನ ಉತ್ಖನನದಲ್ಲಿ ಸಿಕ್ಕವು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಕೇಂದ್ರ ಸರ್ಕಾರ ಕಾನೂನು ನೋಟಿಸ್ ಕಳುಹಿಸಿದ ಮೇಲೆ ಹರಾಜು ನಿಂತಿತು. ಗೋದ್ರೆಜ್ ಉದ್ಯಮ ಸಮೂಹ ಅವನ್ನು ಕೊಂಡಿತು, ಜುಲೈ ಕೊನೆಯಲ್ಲಿ ರತ್ನಗಳು ಭಾರತಕ್ಕೆ ಬಂದವು. ಅಲ್ಲಿಯೂ ಹಣ ಕೊಡಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. 1995ರಲ್ಲಿ ಹೈದರಾಬಾದ್ ನಿಜಾಮರ 173 ಆಭರಣಗಳನ್ನು ಸರ್ಕಾರ ಉಳಿಸಿಕೊಂಡದ್ದೂ 218 ಕೋಟಿ ರೂಪಾಯಿ ತೆತ್ತೇ.

ಕೊಹಿನೂರಿನ ಉದಾಹರಣೆಯನ್ನು ಇಲ್ಲಿಗೆ ತರುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅದನ್ನು ಬ್ರಿಟಿಷರಿಗೆ ಒಪ್ಪಿಸಬೇಕೆಂಬ ಷರತ್ತು 1849ರ ಲಾಹೋರ್ ಒಪ್ಪಂದದಲ್ಲಿಯೇ ಬರೆದಿದೆ. ಸಹಿ ಹಾಕಿದ ಮಹಾರಾಜ ದುಲೀಪ್ ಸಿಂಗ್ ಆಗ ಹತ್ತು ವರ್ಷದ ಬಾಲಕ. ಅಷ್ಟು ಸ್ಪಷ್ಟ ದಾಖಲೆಯಿದ್ದೂ 2016ರಲ್ಲಿ ಸಾಲಿಸಿಟರ್ ಜನರಲ್ ಅವರು ಸುಪ್ರೀಂ ಕೋರ್ಟ್‌ನಲ್ಲಿ ಅದು ಕದ್ದದ್ದಲ್ಲ, ಬಲವಂತದಿಂದ ಒಯ್ದದ್ದೂ ಅಲ್ಲ ಎಂದು ಹೇಳಿ ವಿವಾದಕ್ಕೆ ಒಳಗಾದರು. ಯಾರು, ಯಾವಾಗ, ಹೇಗೆ ಒಯ್ದರೆಂದು ಗೊತ್ತಿರುವ ವಜ್ರದ ಹಕ್ಕೇ ಇಷ್ಟು ಜಟಿಲ. ತಾಜ್ ಮಹಲ್ ವಜ್ರದ ಬಗ್ಗೆ ಈ ಮೂರರಲ್ಲಿ ಒಂದಕ್ಕೂ ಉತ್ತರ ಕೈಯಲ್ಲಿಲ್ಲ. ಮೇಲಾಗಿ ಕೆತ್ತನೆಯ ಹೆಸರನ್ನೇ ಹಕ್ಕಿನ ಆಧಾರವಾಗಿಸಿದರೆ, ನೂರ್ ಜಹಾನಳ ಸಮಾಧಿ ಇರುವುದು ಪಾಕಿಸ್ತಾನದ ಲಾಹೋರ್‌ನಲ್ಲಿ ಎಂಬ ಎದುರುವಾದಕ್ಕೂ ಸಿದ್ಧರಾಗಬೇಕಾಗುತ್ತದೆ.

ಮುಂದೆ ಏನಾಗಬಹುದು

2022ರಲ್ಲಿ ಪಟಿಯಾಲ ಮಹಾರಾಜರ ಮನೆತನದ್ದೆನ್ನಲಾದ ಕೊರಳಪಟ್ಟಿಯನ್ನು ಅಮೆರಿಕದ ಯೂಟ್ಯೂಬ್ ತಾರೆ ಎಮ್ಮಾ ಚೇಂಬರ್ಲೇನ್ ನ್ಯೂಯಾರ್ಕ್‌ನ ಮೆಟ್ ಗಾಲಾ ಫ್ಯಾಷನ್ ಸಮಾರಂಭದಲ್ಲಿ ಧರಿಸಿದಾಗಲೂ ಇಂಥದೇ ಆಕ್ರೋಶ ಎದ್ದಿತ್ತು. ಅದರಿಂದ ಯಾವ ಆಭರಣವೂ ಭಾರತಕ್ಕೆ ಬರಲಿಲ್ಲ. ಆದರೆ ಇಂಥ ಆಭರಣಗಳನ್ನು ಜನರೆದುರು ತರುವಾಗ ಹಿಂದಿನ ಒಡೆಯರ ಹೆಸರು ಕೇಳುವವರಿದ್ದಾರೆ ಎಂಬುದು ಆಭರಣ ಸಂಸ್ಥೆಗಳಿಗೆ ತಿಳಿಯಿತು. ಇದರಿಂದ ಎರಡು ವಿರುದ್ಧ ಪರಿಣಾಮಗಳು ಸಾಧ್ಯ. ಸಂಸ್ಥೆಗಳು ತಮ್ಮ ಖರೀದಿ ದಾಖಲೆಗಳನ್ನು ತೆರೆದು, ಸಂಶೋಧಕರಿಗೆ ಅವಕಾಶ ಕೊಟ್ಟರೆ ನಡುವಿನ ಮೌನ ಸ್ವಲ್ಪ ಸ್ವಲ್ಪವಾಗಿ ತುಂಬೀತು. ಬೇಡಿಕೆ ಬರುವ ಭಯಕ್ಕೆ ಮಾಲೀಕರು ಇಂಥ ವಸ್ತುಗಳನ್ನು ತಿಜೋರಿಯಿಂದ ಹೊರತೆಗೆಯುವುದನ್ನೇ ನಿಲ್ಲಿಸಿದರೆ, ಈಗ ನೋಡಲು ಸಿಗುವಷ್ಟೂ ಸಿಗದೇಹೋದೀತು. ಎರಡನೆಯದರ ಅಪಾಯ ಸಣ್ಣದಲ್ಲ. ಕಲ್ಲನ್ನು ಹತ್ತಿರದಿಂದ ನೋಡದೆ ಕೆತ್ತನೆಯ ಅಧ್ಯಯನ ಸಾಧ್ಯವಿಲ್ಲ.

ಈ ಕಾರಣದಿಂದ, ‘ನಮ್ಮದನ್ನು ಕೊಡಿ’ ಎಂಬ ಕೂಗಿಗಿಂತ ‘ಇದರ ಕಾಗದ ತೋರಿಸಿ’ ಎಂಬ ಕೇಳಿಕೆ ಈ ಘಟ್ಟದಲ್ಲಿ ಹೆಚ್ಚು ಫಲ ಕೊಟ್ಟೀತು. ಕಾರ್ಟಿಯೇ ಆ ಪದಕವನ್ನು ಯಾರಿಂದ, ಯಾವ ವರ್ಷ, ಯಾವ ಊರಿನಲ್ಲಿ ಕೊಂಡಿತು? ಆಗ ಮಾರಿದವರು ಏನೆಂದು ಹೇಳಿದ್ದರು? 1970ರ ದಶಕದಿಂದ ಹಿಂದಕ್ಕೆ ಒಂದು ಕೊಂಡಿ ಸಿಕ್ಕರೂ, ಅದು 1947ಕ್ಕೆ ಮುಂಚಿನದೋ ನಂತರದ್ದೋ ಎಂಬುದರ ಮೇಲೆ ಕಾನೂನಿನ ಸ್ಥಿತಿಯೇ ಬದಲಾಗುತ್ತದೆ.

ಅಲ್ಲಿಯವರೆಗೆ, ಯಾವ ನಟಿಯ ಕೊರಳಲ್ಲಿದ್ದರೂ ಯಾವ ಗಾಜಿನ ಪೆಟ್ಟಿಗೆಯಲ್ಲಿದ್ದರೂ, ಈ ಹಾರದ ಕೆಳಗೆ ಬರೆಯಬಹುದಾದ ಪ್ರಾಮಾಣಿಕ ವಿವರಣೆಗೆ ಎರಡೇ ಸಾಲು ಸಾಕು. ಸರ: ಕಾರ್ಟಿಯೇ, ನ್ಯೂಯಾರ್ಕ್, 1972ರಿಂದ 2011ರವರೆಗೆ ಎಲಿಜಬೆತ್ ಟೇಲರ್ ಅವರ ಒಡೆತನ. ವಜ್ರ: ಭಾರತ, ‘ಪಾದಶಾಹನ ಬೇಗಂ ನೂರ್ ಜಹಾನ್, 23, 1037’ ಎಂಬ ಕೆತ್ತನೆಯುಳ್ಳದ್ದು.